ಸಿಂಚನಾಳ ಜಿಮ್ಮೂ ಅಜ್ಜೀಪುರದ ತವರೂ

ನನ್ನ ದನಿಯನ್ನು ಕೇಳಿದವರು ಈ ಲೋಕದಲ್ಲಿ ಸಾವಿರಾರು ಮಂದಿ ಇದ್ದಾರೆ, ಮುಖ ನೋಡಿದವರು ಮಾತ್ರ ನಮ್ಮ ಬೀದಿಯವರಷ್ಟೇ ಎಂದರೆ ನೀವು ನನ್ನನ್ನು ಯಾರೋ ರೇಡಿಯೋದವಳು ಎಂದುಕೊಳ್ಳಬಹುದು. ಹಾಗೇನಿಲ್ಲ. ನಾನು ಕೊಳ್ಳೇಗಾಲದ ಒಬ್ಬ ಸಾಧಾರಣ ಗೃಹಿಣಿ. ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಬಂದ ದಿನ, ನಲ್ಲಿ ಬಾರದ ದಿನ, ಬೆಕ್ಕು ಮರಿ ಹಾಕಿದ ದಿನ, ಉಪ್ಪಿನಕಾಯಿ ಭರಣಿಯ ಬಾಯಿ ಬಿಚ್ಚಿದ ದಿನ ಇವನ್ನೆಲ್ಲ ಬರೆದಿಡುವುದು ಬಿಟ್ಟರೆ ನನ್ನಿಂದ ಈ ದೇಶಕ್ಕೆ ಬೇರೆ ಸೇವೆಯೇನೂ ಸಂದಿಲ್ಲ. ಅಂಥವಳ ದನಿ ಕಡಲು ದಾಟಿ ಹೋಗಲು ಕಾರಣ ನನ್ನ ತಮ್ಮನ ಮಗಳು ಸಿಂಚನಾ. ಮಾಂಬಳ್ಳಿಯ ಹುಡುಗಿ. ಡಿಗ್ರಿ ಓದಲೆಂದು ನಮ್ಮ ಮನೆಗೆ ಬಂದವಳು, ಡಿಗ್ರಿ ಮುಗಿದ ಮೇಲೂ ಉಳಿದುಕೊಂಡಳು. ನಮಗೆ ಮಕ್ಕಳಿಲ್ಲ, ಮನೆಯಲ್ಲಿ ಇನ್ನೊಂದು ತಟ್ಟೆಯ ಸದ್ದು ಇರಲಿ ಎಂದು ನಾವೂ ಸುಮ್ಮನಿದ್ದೆವು.

ದಿನಾ ಬೆಳಿಗ್ಗೆ ಅವಳು ತಾರಸಿಗೆ ಹೋಗಿ, ನಾನು ಒಣಗಲು ಹಾಕಿದ ಮೆಣಸಿನಕಾಯಿಯನ್ನು ಒಂದು ಮೂಲೆಗೆ ಸರಿಸಿ, ನನ್ನದೇ ಭರಣಿಯೊಂದಕ್ಕೆ ಫೋನು ಒರಗಿಸಿ ವ್ಯಾಯಾಮ ಮಾಡುತ್ತಿದ್ದಳು. ಏಳುವುದು, ಕೂರುವುದು, ನೆಲಕ್ಕೆ ಮುಖ ಮಾಡಿ ಹಲಗೆಯಂತೆ ಅಲುಗಾಡದೆ ಇರುವುದು. ಒಂದು ದಿನ ಅವಳು ಹೀಗೆ ಹಲಗೆಯಾಗಿದ್ದಾಗ ನಾನು ಕೆಳಗಿನಿಂದ, "ಏ ಸಿಂಚನಾ, ಹಾಲು ಉಕ್ತಾ ಅದೆ, ಎದ್ದು ಬಾರೇ! ಅದೇನ್ ಬೋರಲು ಬಿದ್ಕಂಡಿದ್ದೀಯೆ!" ಎಂದು ಕೂಗಿದೆ. ಅದೂ ವಿಡಿಯೋದಲ್ಲಿ ಸೇರಿಹೋಯಿತು. ಅಷ್ಟು ದಿನ ಅವಳ ಬೆವರಿಗೆ ಮರುಳಾಗದ ಜನ ನನ್ನ ಕೂಗಿಗೆ ಮರುಳಾದರು. "ಅತ್ತೆಗೆ ನಮಸ್ಕಾರ ಹೇಳಿ," "ಹಾಲು ಏನಾಯ್ತು?" ಎಂದು ಎಲ್ಲೆಲ್ಲಿಂದಲೋ ಬರೆದರು. ಆಮೇಲೆ ನನಗೂ ಸ್ವಲ್ಪ ಅಹಂಕಾರ ಬಂತೆನ್ನಿ. ಮುಂದಿನ ಸಲ ಗಂಟಲು ಸರಿಮಾಡಿಕೊಂಡು, "ಸಿಂಚನಾ, ಉಪಾಹಾರ ಸಿದ್ಧವಾಗಿದೆ, ಕೆಳಗೆ ಬಾಮ್ಮ" ಎಂದು ಕರೆದೆ. ಅವಳು ಮೆಟ್ಟಿಲಿಳಿದು ಬಂದವಳೇ, "ಅತ್ತೆ, ನ್ಯೂಸ್ ಓದೋ ಥರ ಕರೀಬೇಡಿ, ಯಾರೂ ನೋಡಲ್ಲ. ಮೊದಲಿನ ಥರಾನೇ ಬೈರಿ" ಎಂದಳು. ಬೈಗುಳಕ್ಕೆ ಇಷ್ಟು ಬೇಡಿಕೆಯಿದೆ ಎಂದು ಗೊತ್ತಿದ್ದರೆ ನಮ್ಮ ಯಜಮಾನರನ್ನು ಈ ಇಪ್ಪತ್ತೆಂಟು ವರ್ಷ ಪುಕ್ಕಟೆಯಾಗಿ ಬೈಯುತ್ತಿರಲಿಲ್ಲ. ಯಾವಯಾವುದೋ ಕಂಪನಿಯವರು ಅವಳಿಗೆ ಸಾಮಾನು ಕಳಿಸತೊಡಗಿದರು. ಎಳೆದರೆ ಉದ್ದವಾಗುವ ರಬ್ಬರ್ ಪಟ್ಟಿಯೊಂದು ಬಂದಿತ್ತು. ಹಾಸಿಗೆ ಸುತ್ತಿ ಕಟ್ಟಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಹೀಗಿರುವಾಗ ಒಂದು ದಿನ ಸಿಂಚನಾ, "ಅತ್ತೆ, ಬರೀ ವಿಡಿಯೋ ಸಾಕು. ಹೆಂಗಸರಿಗೆ ಅಂತಲೇ ಒಂದು ಜಿಮ್ ಮಾಡ್ತೀನಿ. ನನ್ನದೇ ಬಿಸಿನೆಸ್ಸು" ಎಂದಳು. ನನ್ನ ತಮ್ಮ ಗದ್ದೆ ಬಿಟ್ಟು ಓಡಿಬಂದ. ಅಪ್ಪ ಮಗಳ ನಡುವೆ ನಮ್ಮ ಹಜಾರದಲ್ಲಿ ಒಂದು ಮಧ್ಯಾಹ್ನವಿಡೀ ಮಾತಾಯಿತು. ಕೊನೆಗೆ ತಮ್ಮ, "ಆಯ್ತು ಕಣವ್ವ. ಈ ಸಂಕ್ರಾಂತಿ ಕಳೀತು. ಮುಂದಿನ ಸಂಕ್ರಾಂತಿಗಂಟ ನೋಡ್ತೀನಿ. ನಿಂತ್ಕತ್ತಾ, ನಿಂತ್ಕಳ್ಲಿ. ಇಲ್ವಾ, ಕದ ಹಾಕಿ ಬೀಗ ಜಡ್ದು ಊರಿಗೆ ಬಂದ್ಬುಡ್ಬೇಕು. ಆಮೇಲೆ ನಾ ತೋರಿಸ್ದ ಗಂಡ್ಗೆ ಬ್ಯಾಡ ಅನ್ನಂಗಿಲ್ಲ" ಎಂದು ಹೇಳಿ ಎದ್ದುಹೋದ.

ಜಿಮ್ಮಿಗೆ ಸಿಕ್ಕಿದ್ದು ನಮ್ಮ ಹಿಂದಿನ ಬೀದಿಯ ಹಳೆಯ ಮಗ್ಗದ ಮನೆ. ಅದರ ಬಾಗಿಲು ತೆರೆದಾಗ ನಾನು ಸ್ವಲ್ಪ ಹೊತ್ತು ಹೊಸಿಲಲ್ಲೇ ನಿಂತುಬಿಟ್ಟೆ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗ ಅಲ್ಲಿ ಮೂರು ಕುಣಿಮಗ್ಗಗಳಿದ್ದವು. ನೆಲದಲ್ಲಿ ಮೊಣಕಾಲುದ್ದದ ಗುಂಡಿ ತೋಡಿ, ನೇಯುವವರು ಅದರ ಅಂಚಿನಲ್ಲಿ ಕೂತು, ಗುಂಡಿಯೊಳಗೆ ಕಾಲಿಳಿಬಿಟ್ಟು ತುಳಿಯುತ್ತ ರೇಷ್ಮೆ ನೇಯುತ್ತಿದ್ದರು. ಬೆಳಗಾಗುವುದೇ ಆ ಸದ್ದಿನಿಂದ. ಗಡಿಯಾರ ನೋಡಬೇಕಾಗಿರಲಿಲ್ಲ. ಮಗ್ಗ ನಿಂತಿತೆಂದರೆ ತಿಂಡಿಯ ಹೊತ್ತು, ಮತ್ತೆ ಶುರುವಾಯಿತೆಂದರೆ ನಾನು ಅನ್ನಕ್ಕಿಡುವ ಹೊತ್ತು. ಹೊಸ ಸೊಸೆಯಾಗಿ ಬಂದವಳಿಗೆ ಊರಿನಲ್ಲಿ ಗೆಳತಿಯರಿಲ್ಲದ ಆ ಬೇಸಿಗೆಯಲ್ಲಿ, ಆ ಮನೆಯ ಯಜಮಾನತಿ ಖಾಲಿಯಿದ್ದ ಮಗ್ಗದ ಗುಂಡಿಯ ಅಂಚಿನಲ್ಲಿ ನನ್ನನ್ನು ಕೂರಿಸಿಕೊಂಡು, ಜಡೆಯ ತುದಿಗೆ ಕಟ್ಟಲು ಬಣ್ಣದ ರೇಷ್ಮೆ ಎಳೆಗಳನ್ನು ಕೊಡುತ್ತಿದ್ದರು. ಗುಂಡಿಯೊಳಗೆ ಕಾಲು ಬಿಟ್ಟರೆ ಎಂಥ ಬಿಸಿಲಲ್ಲೂ ಅಂಗಾಲು ತಣ್ಣಗಿರುತ್ತಿತ್ತು. ಆ ತಂಪನ್ನು ನನ್ನ ಕಾಲು ಈಗಲೂ ಮರೆತಿಲ್ಲ. ಮಗ್ಗಗಳು ಒಂದೊಂದಾಗಿ ಹೋದವು, ಅವರೂ ಹೋದರು. ಸಿಂಚನಾ ಎರಡು ಗುಂಡಿಗಳನ್ನು ಮುಚ್ಚಿಸಿ ಗಾರೆ ಹಾಕಿಸಿದಳು. ಮೂರನೆಯದು ಇರಲಿ ಎಂದು ನಾನೇ ಹಟ ಹಿಡಿದೆ. ನಮ್ಮ ಯಜಮಾನರು, "ಯಾರಾದ್ರೂ ಬಿದ್ದು ಕಾಲು ಮುರ್ಕಂಡ್ರೆ ಜಿಮ್ಮು ಓಗಿ ಆಸ್ಪತ್ರೆ ಆಯ್ತದೆ" ಎಂದರು. ಸಿಂಚನಾ ಅದಕ್ಕಿಳಿದು ಹತ್ತುವುದೇ ಒಂದು ವ್ಯಾಯಾಮ ಎಂದು ಹೇಳಿ ಇಬ್ಬರನ್ನೂ ಸಮಾಧಾನಪಡಿಸಿದಳು.

ಬೋರ್ಡು ಬಿತ್ತು, ಕನ್ನಡಿ ಬಂತು, ಕಬ್ಬಿಣದ ತೂಕಗಳು ಬಂದವು. ಜನ ಬರಲಿಲ್ಲ. ಫೋನಿನಲ್ಲಿ ಅಷ್ಟು ಮಂದಿ ಹಿಂಬಾಲಿಸುತ್ತಿದ್ದರಲ್ಲ, ಅವರಲ್ಲಿ ಹತ್ತಿರದವರು ಯಾರೆಂದು ಹುಡುಕಿದರೆ ಹುಬ್ಬಳ್ಳಿಯ ಒಬ್ಬ, ಅವನೂ ಗಂಡಸು. ತಿಂಗಳು ಕಳೆದ ಮೇಲೆ ನಾನೇ ಕುಂಕುಮದ ಭರಣಿ ಹಿಡಿದು ಹೊರಟೆ. ನಮ್ಮಲ್ಲಿ ಕುಂಕುಮವಿಟ್ಟು ಕರೆದ ಮೇಲೆ ಹೋಗದಿದ್ದರೆ ಅದು ಅವಮಾನ. ಸುತ್ತಿನ ಮೂರು ಬೀದಿಯ ಪ್ರತಿ ಮನೆಗೂ ಹೋಗಿ, "ನಮ್ ಹುಡುಗಿ ಜಿಮ್ಮು ಮಾಡವ್ಳೆ, ಬಂದ್ಬುಡಿ" ಎಂದು ಕರೆದೆ. ಆ ಶುಕ್ರವಾರ ಎಲ್ಲರೂ ಬಂದರು. ರೇಷ್ಮೆ ಸೀರೆಯುಟ್ಟು, ಮುಡಿತುಂಬ ಹೂ ಮುಡಿದು ಬಂದರು. ಸಿಂಚನಾ ಟ್ರ್ಯಾಕ್ ಪ್ಯಾಂಟಿನಲ್ಲಿ ಕೈಕಟ್ಟಿಕೊಂಡು ನಿಂತಿದ್ದಳು. ಹೆಂಗಸರು ಕಬ್ಬಿಣದ ತೂಕಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹಣ್ಣುಕಾಯಿ ಮಾಡಿಸಿ, ನಾನು ಕೊಟ್ಟ ರವಿಕೆಕಣ ತಾಂಬೂಲ ತೆಗೆದುಕೊಂಡು, ಕೇಸರಿಬಾತು ತಿಂದು, "ತುಂಬ ಚೆಂದಾಗದೆ ಕನವ್ವ, ಒಳ್ಳೇದಾಗ್ಲಿ" ಎಂದು ಹರಸಿ ಹೊರಟುಹೋದರು. ಮರುದಿನ ಯಾರೂ ಬರಲಿಲ್ಲ. ವಿಚಾರಿಸಿದರೆ, "ನಿನ್ನೆ ಬಂದಿದ್ವಲ್ಲ!" ಎಂದರು. ಜಿಮ್ಮಿಗೆ ಒಂದು ಸಲ ಬಂದು ಹೋದರೆ ಸಾಲದು, ದಿನವೂ ಬರಬೇಕು ಎನ್ನುವುದನ್ನು ನಾನು ಕರೆಯುವಾಗ ಹೇಳಿರಲೇ ಇಲ್ಲ.

ಮೊದಲು ನಿಜವಾಗಿ ಸೇರಿದವಳು ರೂಪ. ಪಕ್ಕದ ಬೀದಿಯ ದಿನಸಿ ಅಂಗಡಿಯ ಮನೆಯ ಸೊಸೆ. ಹೆರಿಗೆಯಾದ ಮೇಲೆ ಮೈ ಬಂದು, ಮಂಡಿ ನೋವು ಹಿಡಿದು, ಮಗುವನ್ನೆತ್ತಿಕೊಂಡು ಮಹಡಿ ಹತ್ತಲು ಆಗುತ್ತಿರಲಿಲ್ಲ. ಮಗು ಕೆಳಗೆ ನಿಂತು ಕೈ ಚಾಚಿ ಅಳುವುದು, ಅವಳು ಮೆಟ್ಟಿಲಲ್ಲಿ ಕೂತು ಅಳುವುದು. ಅವಳ ಅತ್ತೆ ಒಳ್ಳೆಯ ಹೆಂಗಸು. "ಓಗವ್ವ ಓಗು. ಬೆಳಿಗ್ಗೆ ಒಂದ್ ಗಂಟೆ ನಂಗೂ ಟೀವಿ ಸಿಕ್ತದೆ" ಎಂದು ಅವರೇ ಕಳಿಸಿದರು. ರೂಪಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ಹೀಗೆ ದೀಪಾವಳಿಯ ಹೊತ್ತಿಗೆ ಹದಿನಾಲ್ಕು ಮಂದಿಯಾದರು. ಕೆಲವರು ಮನೆಯಲ್ಲಿ ಟೈಲರಿಂಗ್ ಕ್ಲಾಸು ಎಂದು ಹೇಳಿ ಬರುತ್ತಿದ್ದರು. ಒಬ್ಬಳ ಗಂಡ ಆರು ತಿಂಗಳಾದರೂ ಒಂದು ರವಿಕೆ ಮನೆಗೆ ಬರಲಿಲ್ಲವಲ್ಲ ಎಂದು ಯೋಚನೆಗೆ ಬಿದ್ದಿದ್ದನಂತೆ. ವ್ಯಾಯಾಮ ಮುಗಿದ ಮೇಲೆ ಎಲ್ಲರೂ ಮಗ್ಗದ ಗುಂಡಿಯ ಸುತ್ತ ಕಾಲಿಳಿಬಿಟ್ಟು ಕೂತು ಮಾತಾಡುತ್ತಿದ್ದರು. ಅವರೆಕಾಯಿಯ ಕಾಲದಲ್ಲಿ ನಾನು ಮೊರ ತೆಗೆದುಕೊಂಡು ಹೋಗಿಬಿಡುತ್ತಿದ್ದೆ. ಹದಿನಾಲ್ಕು ಜೊತೆ ಕೈಗಳು ಮಾತಿಗೆ ಕೂತರೆ ಎರಡು ಸೇರು ಅವರೆ ಸುಲಿದದ್ದೇ ಗೊತ್ತಾಗುತ್ತಿರಲಿಲ್ಲ. ಸಿಂಚನಾ ಗೋಡೆಗೆ ಅಂಟಿಸಿದ್ದ ನಿಯಮಗಳಲ್ಲಿ ಒಂದನ್ನು ಮಾತ್ರ ಯಾರೂ ಪಾಲಿಸಲಿಲ್ಲ. ಬಳೆ ತೆಗೆದಿಟ್ಟು ತೂಕ ಎತ್ತಬೇಕು ಎಂಬುದು. ಮುತ್ತೈದೆಯರು ಬರಿಗೈಯಲ್ಲಿ ನಿಲ್ಲುವುದೆಂದರೇನು? ಗಾಜಿನ ಬಳೆಯ ಮೇಲೆ ಕರ್ಚೀಫು ಬಿಗಿದುಕೊಂಡು ಎತ್ತುತ್ತಿದ್ದರು. ಸಿಂಚನಾ ಹಾಕುತ್ತಿದ್ದ ಹಾಡಿಗಿಂತ ಆ ಗಲಗಲವೇ ನನಗೆ ಹಿತವಾಗಿತ್ತು.

ರೂಪ ಎಂಟು ತಿಂಗಳಲ್ಲಿ ಬೇರೆಯೇ ಆದಳು. ಹೊಟ್ಟೆ ಕರಗಿತು, ಮಂಡಿ ನೋವು ಹೋಯಿತು. ಮಗುವನ್ನು ಒಂದು ಕಂಕುಳಿಗೆ, ನೀರಿನ ಬಿಂದಿಗೆಯನ್ನು ಇನ್ನೊಂದಕ್ಕೆ ಏರಿಸಿ ಮಹಡಿ ಹತ್ತುತ್ತಿದ್ದಳು. ಸಿಂಚನಾಗೆ ಖುಷಿಯೋ ಖುಷಿ. ರೂಪಳ ಒಪ್ಪಿಗೆ ಕೇಳಿ, ಸೇರಿದ ದಿನದ ಫೋಟೋ ಮತ್ತು ಈಗಿನ ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟು ಫೋನಿನಲ್ಲಿ ಹಾಕಿದಳು. ಮೊದಲನೆಯದರಲ್ಲಿ ರೂಪ ಗುಂಡುಗುಂಡಾಗಿ ಹಲ್ಲು ಬಿಟ್ಟು ನಗುತ್ತಿದ್ದಾಳೆ. ಎರಡನೆಯದರಲ್ಲಿ ಸಿಂಚನಾ ಹೇಳಿಕೊಟ್ಟಂತೆ ಸೊಂಟಕ್ಕೆ ಕೈಯಿಟ್ಟು ಗಂಭೀರವಾಗಿ ನಿಂತಿದ್ದಾಳೆ. "ನಕ್ಕರೆ ಪ್ರೊಫೆಷನಲ್ ಆಗಿ ಕಾಣಲ್ಲ ಅಕ್ಕ" ಎಂದಿದ್ದಳಂತೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆಯಾದ ಹೆಣ್ಣು ಮಗಳು ತೆಳ್ಳಗಾದಳು ಎಂದರೆ ಅದು ಅವಳ ಸಾಧನೆಯಲ್ಲ, ಗಂಡನ ಮನೆಯ ಮೇಲಿನ ದೂರು. ನಾನು ಮದುವೆಯಾದ ಹೊಸದರಲ್ಲಿ ಯಳಂದೂರಿನ ನಮ್ಮ ದೊಡ್ಡಮ್ಮನ ಮನೆಗೆ ಹೋದಾಗ ಆಗಷ್ಟೇ ಜ್ವರ ಬಿಟ್ಟು ಕೆನ್ನೆ ಒಳಗೆ ಹೋಗಿತ್ತು. ದೊಡ್ಡಮ್ಮ ನನ್ನನ್ನು ಮಾತಾಡಿಸಲೇ ಇಲ್ಲ. ನೆಟ್ಟಗೆ ನಮ್ಮ ಯಜಮಾನರ ಕಡೆ ತಿರುಗಿ, "ನಿಮ್ಮೂರಲ್ಲಿ ಈ ಸಲ ಬೆಳೆ ಇಲ್ವಾ ಅಳಿಯಂದ್ರೆ?" ಎಂದು ಕೇಳಿದರು. ಪಾಪ, ಅವರು ಆವತ್ತು ಮೂರು ಹೋಳಿಗೆಗೆ ಎದ್ದುಬಿಟ್ಟರು. ಹಾಗಾಗಿ ರೂಪಳ ಜೋಡಿ ಫೋಟೋ ಯಾರದೋ ಫೋನಿನಿಂದ ಯಾರದೋ ಫೋನಿಗೆ ದಾಟಿ, ಹನೂರು ದಾಟಿ ಅಜ್ಜೀಪುರ ಸೇರಿ, ಪಕ್ಕದ ಮನೆಯ ಹುಡುಗಿ ಅದನ್ನು ರೂಪಳ ತಾಯಿ ಗೌರಮ್ಮನವರಿಗೆ ತೋರಿಸಿದಾಗ ಏನಾಗಿರಬಹುದು ಎಂದು ನೀವೇ ಊಹಿಸಿ. ಆ ಯಮ್ಮನಿಗೆ ಓದಲು ಬಾರದು. ಓದುವ ಅಗತ್ಯವೂ ಇರಲಿಲ್ಲ. ಒಂದು ಕಡೆ ಉಂಡುಟ್ಟು ನಗುವ ಮಗಳು, ಇನ್ನೊಂದು ಕಡೆ ನಗು ಸತ್ತು ಒಣಗಿದ ಮಗಳು.

ಸಂಕ್ರಾಂತಿಗೆ ಹತ್ತು ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ, ನಾವು ಗುಂಡಿಯ ಸುತ್ತ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಬಾಗಿಲಲ್ಲಿ ಒಬ್ಬರು ಎತ್ತರದ ಹೆಂಗಸು, ಕಂಕುಳಲ್ಲಿ ಒಂದು ದೊಡ್ಡ ಚೀಲ. ಹಿಂದೆ ಒಬ್ಬ ದಪ್ಪ ಮೀಸೆಯ ಗಂಡಸು.

"ಇದೇನಾ ನಮ್ ಕೂಸ್ನ ಒಣಗ್ಸಾ ಮನೆ?" ಎಂದರು ಆ ಯಮ್ಮ.

ರೂಪ "ಅವ್ವ!" ಎಂದು ಎದ್ದು ನಿಂತಳು. ಮೀಸೆಯವರು ಅವಳ ಅಣ್ಣ. ಜಗಳಕ್ಕೆಂದೇ ಬಂದವರು, ಆದರೆ ಹೊಸಿಲಲ್ಲಿ ಸಿಂಚನಾ, "ಅಣ್ಣ, ಗಂಡಸರು ಒಳಗೆ ಬರೋ ಹಾಗಿಲ್ಲ" ಎಂದು ಬೋರ್ಡು ತೋರಿಸಿದಳು. ಅವರು ಬೋರ್ಡನ್ನು ಎರಡು ಸಲ ಓದಿ, ಚಪ್ಪಲಿ ಮತ್ತೆ ಮೆಟ್ಟಿಕೊಂಡು, ಬೇವಿನ ಮರದ ಕೆಳಗೆ ಹೋಗಿ ನಿಂತರು. ಅಲ್ಲಿ ನಮ್ಮ ಯಜಮಾನರ ಕೈಗೆ ಸಿಕ್ಕಿಬಿದ್ದರು.

"ಬನ್ನಿ, ಕೂತ್ಕಳಿ" ಎಂದೆ ನಾನು.

"ಕೂತ್ಕಳಕ್ ಬಂದಿಲ್ಲ ಕನವ್ವ ನಾವು." ಆದರೂ ಚೀಲವನ್ನು ಮೆಲ್ಲಗೆ ಇಳಿಸಿದರು. ಜಗಳಕ್ಕೆ ಬಂದವರ ಚೀಲದಲ್ಲೂ ತುಪ್ಪದ ಡಬ್ಬಿ, ಕಡಲೆಕಾಯಿ, ಬಟ್ಟೆಯಲ್ಲಿ ಕಟ್ಟಿದ ಉಂಡೆ ಇಣುಕುತ್ತಿದ್ದವು. "ಇವ್ಳ್ನ ಇವತ್ತೇ ಕರ್ಕಂಡೋಯ್ತೀನಿ. ಮೂರ್ ತಿಂಗ್ಳು ನನ್ ಕೈಲಿ ಉಂಡ್ಕಂಡಿರ್ಲಿ. ಆಮೇಲೆ ಬೀಗ್ರು ಬಂದು ಮಾತಾಡ್ಲಿ."

"ಅವ್ವ, ನಂಗ್ ಯಾರೂ ಏನೂ ಮಾಡಿಲ್ಲ ಕನವ್ವ. ಮೈನ ನಾನೇ ಇಳ್ಸಿದ್ದು" ಎಂದಳು ರೂಪ.

"ನೀನೇ ಇಳ್ಸುದ್ಯಾ? ಏನು, ಬಾವಿಗೆ ಬಿಂದ್ಗೆ ಇಳ್ಸುದಂಗಾ? ಯಾರ್ ಹೇಳ್ಕೊಟ್ರು ಈ ಮಾತಾ?"

ಸಿಂಚನಾ ಮುಂದೆ ಬಂದಳು. "ಅಮ್ಮಾ, ಇವರಿಗೆ ಕೊಬ್ಬು ಹೋಗಿದೆ, ಮಾಂಸಖಂಡ ಬಂದಿದೆ. ಇದು ಆರೋಗ್ಯ."

"ಏನೋಗದೆ, ಏನ್ ಬಂದದೆ, ನಂಗೊತ್ತಿಲ್ಲ ಕನ ಮಗ. ನಾ ಕಳಿಸ್ಕೊಟ್ಟಾಗ ಎಂಗಿದ್ಲು, ಈಗ ಎಂಗವ್ಳೆ, ಅದ್ಕೇಳು."

ಫೋನಿನ ಮುಂದೆ ಗಂಟೆಗಟ್ಟಲೆ ಮಾತಾಡುವ ಹುಡುಗಿ, ಆ ಯಮ್ಮನ ಮುಂದೆ ಹತ್ತು ವರ್ಷದವಳಾಗಿಬಿಟ್ಟಳು. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ರೂಪ ಹೀಗೆ ಚೀಲದ ಜೊತೆ ತವರಿಗೆ ಹೊರಟರೆ ಸಂಜೆಯೊಳಗೆ ಮೂರು ಬೀದಿಗೂ ಸುದ್ದಿ. ನಾಳೆ ಉಳಿದ ಹದಿಮೂರು ಅತ್ತೆಯಂದಿರು ಹದಿಮೂರು ಸೊಸೆಯರನ್ನು ಹೊಸಿಲೊಳಗೇ ನಿಲ್ಲಿಸುತ್ತಾರೆ. ಹತ್ತು ದಿನಕ್ಕೆ ನನ್ನ ತಮ್ಮ ಬಂದು ನೋಡುವಾಗ ಇಲ್ಲಿ ಕನ್ನಡಿ ಮತ್ತು ಕಬ್ಬಿಣ ಮಾತ್ರ ಇರುತ್ತವೆ. ಹುಡುಗಿ ನನ್ನ ಕಡೆ ನೋಡಿದಳು. ಸಾವಿರಾರು ಜನ ಕೇಳಿದ ನನ್ನ ದನಿ ಆಗ ಕೆಲಸಕ್ಕೆ ಬರಲಿಲ್ಲ. ಅವರೆಕಾಯಿಯ ಮೊರವನ್ನು ಸುಮ್ಮನೆ ಆ ಕಡೆಯಿಂದ ಈ ಕಡೆಗೆ ಸರಿಸಿದೆ. ನನ್ನಿಂದ ಆದ ಸಹಾಯ ಅಷ್ಟೇ.

ಗೌರಮ್ಮನವರು ಮಗಳ ಕೈ ಹಿಡಿದು ಹೊರಗೆ ಎಳೆಯುವರೆಂದು ನಾನು ಅಂದುಕೊಂಡೆ. ಕೈ ಹಿಡಿದರು, ನಿಜ. ಆದರೆ ಎಳೆಯಲಿಲ್ಲ. ರೂಪಳ ಮುಂಗೈಗೆ ಕಟ್ಟಿದ್ದ ಕರ್ಚೀಫು ಬಿಚ್ಚಿ, ಹಸಿರು ಗಾಜಿನ ಬಳೆಗಳನ್ನು ಎರಡು ಬೆರಳಲ್ಲಿ ಒಟ್ಟುಗೂಡಿಸಿ, ಮೆಲ್ಲಗೆ ಮೊಣಕೈ ಕಡೆಗೆ ಏರಿಸತೊಡಗಿದರು. ಈ ಪರೀಕ್ಷೆ ನನಗೆ ಗೊತ್ತು, ಕೈ ಸೊರಗಿದಷ್ಟೂ ಬಳೆ ಮೇಲೇರುತ್ತದೆ. ನಾನು ಬಸ್ಸಿಳಿದು ತವರಿನ ಅಂಗಳಕ್ಕೆ ಕಾಲಿಟ್ಟ ಕೂಡಲೇ ನಮ್ಮವ್ವ ಕಾಲಿಗೆ ನೀರು ಕೊಟ್ಟು, ನನ್ನ ಕೈ ತೆಗೆದುಕೊಂಡು ಹೀಗೇ ಮಾಡುತ್ತಿದ್ದಳು. ಬಾಯಲ್ಲಿ ಬೇರೆ ಏನೋ ಮಾತು, ಹಸು ಕರು ಹಾಕಿದ್ದೋ, ನುಗ್ಗೆ ಬಿಟ್ಟದ್ದೋ. ಬೆರಳು ಮಾತ್ರ ಬಳೆಯ ಮೇಲೆ. ಹೋದ ಸಲ ಎಲ್ಲಿ ನಿಂತಿತ್ತೋ ಅಲ್ಲೇ ನಿಂತರೆ ಸುಮ್ಮನೆ ಕೈ ಬಿಡುತ್ತಿದ್ದಳು. ಒಂದು ಬೆರಳು ಮೇಲೆ ಹೋದರೆ ಮಾತು ಅರ್ಧಕ್ಕೆ ನಿಂತು, ಒಳಗೆ ಹೋಗಿ ಬೆಣ್ಣೆ ಕಾಯಿಸಲು ಇಡುತ್ತಿದ್ದಳು. ನನಗೆ ಸಂಸಾರದಲ್ಲಿ ಕಷ್ಟವಿದ್ದ ಒಂದೆರಡು ವರ್ಷ ನಾನು ಏನನ್ನೂ ಹೇಳಿಕೊಳ್ಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಬಳೆ ಹೇಳುತ್ತಿತ್ತು.

ಗೌರಮ್ಮನವರ ಬೆರಳು ರೂಪಳ ಮುಂಗೈ ಮಧ್ಯಕ್ಕೂ ಬರುವ ಮೊದಲೇ ನಿಂತಿತು. ಅವರು ಹುಬ್ಬು ಗಂಟಿಕ್ಕಿ ಬಳೆಗಳನ್ನು ಕೆಳಗಿಳಿಸಿ ಇನ್ನೊಮ್ಮೆ ಏರಿಸಿದರು. ಮತ್ತೆ ಅಲ್ಲೇ ನಿಂತಿತು. ಇನ್ನೊಂದು ಕೈ ನೋಡಿದರು. ಅಲ್ಲೂ ಅಷ್ಟೇ. ಹೆಬ್ಬೆರಳಲ್ಲಿ ಮುಂಗೈಯನ್ನು ಒತ್ತಿ ನೋಡಿದರು.

"ಇದೇನೇ ಇದು! ಇದ್ಕಿಂತ ಮ್ಯಾಕ್ಕೆ ಓಗ್ತಿತ್ತಲ್ಲೇ ನಾ ಕಳಿಸ್ದಾಗ?"

"ದಿನಾ ಕಬ್ಬಿಣ ಎತ್ತೀನಿ ಕನವ್ವ" ಎಂದಳು ರೂಪ. ಹೇಳಿದವಳೇ ಬಗ್ಗಿ, ಆ ಯಮ್ಮ ಎರಡು ಬಸ್ಸು ಬದಲಿಸಿ ಏದುಸಿರು ಬಿಡುತ್ತ ಹೊತ್ತು ತಂದಿದ್ದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಗೌರಮ್ಮನವರು ಗುಂಡಿಯ ಅಂಚಿನಲ್ಲಿ ಕೂತರು. "ಮಕ ಇಳ್ದದೆ," ಎಂದರು ಲೆಕ್ಕ ಹಾಕುತ್ತ. "ವಟ್ಟೆ ಇಳ್ದದೆ. ಕೈ ಮಾತ್ರ ತುಂಬ್ಕಂಡದೆ. ಉಣ್ಣಕ್ ಇಕ್ದೇ ಇದ್ರೆ ಕೈ ತುಂಬ್ಕತದಾ? ಇಲ್ಲ. ಇಕ್ತಾವ್ರೆ." ನಿಟ್ಟುಸಿರು ಬಿಟ್ಟರು. "ಬೀಗಿತ್ತಿನ ಏನೂ ಅನ್ನಂಗಿಲ್ಲ ಬುಡು." ಅಷ್ಟು ದೂರದಿಂದ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ವ್ಯರ್ಥವಾದ ಬೇಸರ ಅವರ ಮುಖದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಆಮೇಲೆ ಸಿಂಚನಾಳ ಕಡೆ ತಿರುಗಿ, "ಅಲ್ಲ ಕನ ಮಗ, ಮೈ ತುಂಬ್ಕಂಡದೆ ಅಂತ ಹೇಳ್ಬಾರ್ದಾ ಮೊದ್ಲೇ? ನಗಿಸ್ಬುಟ್ಟು ಪೋಟ ತೆಗಿಬಾರ್ದಾ? ನನ್ ತಮ್ಮನ್ ಮಗಳೊಬ್ಳು ಹನೂರಲ್ಲವ್ಳೆ, ಕಡ್ಡಿಯಂಗವ್ಳೆ. ಅವ್ಳಿಗೂ ಹಿಂಗೆ ತುಂಬ್ಸಿಕೊಟ್ಟೀಯಾ?" ಎಂದರು. ಸಿಂಚನಾ ಅಳುತ್ತಿದ್ದಳೋ ನಗುತ್ತಿದ್ದಳೋ, ತಲೆಯನ್ನಂತೂ ಜೋರಾಗಿ ಆಡಿಸಿದಳು. ಆ ಮಧ್ಯಾಹ್ನವೇ ಬೋರ್ಡಿನಲ್ಲಿದ್ದ "ತೂಕ ಇಳಿಸಿಕೊಳ್ಳಿ" ಎಂಬುದನ್ನು ಅಳಿಸಿ "ಮೈಕೈ ಗಟ್ಟಿ ಮಾಡಿಕೊಳ್ಳಿ" ಎಂದು ಬರೆಸಿದಳು. ಹೊರಗೆ ರೂಪಳ ಅಣ್ಣ ನಮ್ಮ ಯಜಮಾನರ ಜೊತೆ ಮೂರನೇ ಲೋಟ ಟೀ ಕುಡಿಯುತ್ತ ಅರಿಶಿನದ ಬೆಳೆಯ ಮಾತಾಡುತ್ತಿದ್ದರು. ಜಗಳದ ವಿಷಯವನ್ನು ಅವರಿಗೆ ನೆನಪಿಸಬೇಕಾಯಿತು, ಮುಗಿಯಿತು ಎಂದು ಹೇಳುವುದಕ್ಕೆ. ಸಂಕ್ರಾಂತಿಯ ದಿನ ನನ್ನ ತಮ್ಮ ಮಾಂಬಳ್ಳಿಯಿಂದ ಎಳ್ಳು ಬೆಲ್ಲ ಹಿಡಿದು ಬಂದ. ಒಳಗೆ ಅಷ್ಟರಲ್ಲಿ ಇಪ್ಪತ್ತಾಗಿದ್ದ ಹೆಂಗಸರ ಬಳೆಗಳ ಸದ್ದು ಕೇಳಿ ಹೊರಗೇ ನಿಂತ. ಸ್ವಲ್ಪ ಹೊತ್ತು ಬಾಗಿಲನ್ನು ಸವರಿ ನೋಡಿ, "ಈ ಕದಕ್ಕೊಂದ್ ಬಣ್ಣನಾದ್ರೂ ಒಡ್ಸಬಾರ್ದಾ ಇವ್ಳು?" ಎಂದ. ಬೀಗದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಆದರೆ ನಾನು ಹೇಳಬೇಕೆಂದಿದ್ದು ಆವತ್ತಿನ ಇನ್ನೊಂದು ವಿಷಯ. ಹೊರಡುವ ಮುಂಚೆ ಗೌರಮ್ಮನವರು ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಏನೋ ಮಾತಾಡುತ್ತ, ಯೋಚನೆಯೇ ಇಲ್ಲದೆ, ಅಭ್ಯಾಸಬಲದಿಂದ ನನ್ನ ಕೈಯನ್ನೂ ತೆಗೆದುಕೊಂಡು ಬಳೆಗಳನ್ನು ಮೇಲಕ್ಕೆ ದೂಡಿದರು. ಅವು ಮಣಿಕಟ್ಟು ಬಿಟ್ಟು ಒಂದು ಗೆರೆಯಷ್ಟೂ ಅಲ್ಲಾಡಲಿಲ್ಲ. "ನಿಮ್ದೇನೂ ನೋಡಂಗಿಲ್ಲ ಬುಡಿ" ಎಂದು ನಕ್ಕರು. "ನಿಮ್ಮವ್ವ ನಿಶ್ಚಿಂತಾಗಿರ್ಬೋದು." ನಮ್ಮವ್ವ ಹೋಗಿ ಹನ್ನೊಂದು ವರ್ಷವಾಯಿತು. ಅಲ್ಲಿಂದೀಚೆಗೆ ನನ್ನ ಬಳೆಯನ್ನು ಯಾರೂ ಏರಿಸಿ ನೋಡಿರಲಿಲ್ಲ ಎನ್ನುವುದು ಆಗಲೇ ನನಗೆ ತಿಳಿದದ್ದು. "ಹೂಂ, ನಿಶ್ಚಿಂತಾಗವ್ಳೆ" ಎಂದೆ. ಮನೆಗೆ ಬಂದು ನಾನೇ ಏರಿಸಿ ನೋಡಿದೆ. ತನ್ನ ಕೈಯನ್ನು ತಾನೇ ನೋಡಿಕೊಂಡರೆ ಏನೂ ತಿಳಿಯುವುದಿಲ್ಲ. ಬಳೆ ನಿಂತ ಜಾಗ ಕಾಣುತ್ತದೆ, ಅಷ್ಟೇ.

ಮೊಮ್ಮಗುವನ್ನು ನೋಡುವ ನೆಪದಲ್ಲಿ ಗೌರಮ್ಮನವರು ಈಗ ತಿಂಗಳಿಗೊಮ್ಮೆ ಬರುತ್ತಾರೆ, ಬಂದಾಗ ಜಿಮ್ಮಿಗೂ ಬಂದು ಕೂರುತ್ತಾರೆ. ಅವರು ಬರುವ ದಿನವನ್ನು ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳುತ್ತೇನೆ. ಹೋಗಿ ಅವರ ಪಕ್ಕದಲ್ಲೇ ಕೂತು, ಬಲಗೈಯನ್ನು ಅವರ ಮಡಿಲಿನ ಕಡೆಗೆ ಸ್ವಲ್ಪ ಚಾಚಿ, ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು ಮಾತಾಡುತ್ತಿರುತ್ತೇನೆ. ಮೊನ್ನೆ ಆ ಯಮ್ಮ ಬಹಳ ಹೊತ್ತು ನನ್ನ ಕೈಯನ್ನೇ ನೋಡಿ, ಕೊನೆಗೆ ಸಿಂಚನಾಳನ್ನು ಕರೆದು, "ಏ ಮಗ, ನಿಮ್ಮತ್ತೆಗೆ ರಟ್ಟೆ ಹಿಡ್ಕಂಡದೆ ಅಂತ ಕಾಣ್ತದೆ. ಆಗ್ನಿಂದ ಕೈ ಮಡಚಕ್ಕೇ ಆಗ್ತಿಲ್ಲ, ಪಾಪ. ಒಸಿ ಎಣ್ಣೆ ಹಾಕಿ ಉಜ್ಜು" ಎಂದರು.